ನಾಲ್ಕನೇ ಡಬ್ಬಿ, ಐದನೇ ಡಬ್ಬಿ

ಅಪ್ಪಾ,

ಗೆದ್ದವಳು ನಾನೇ. ಸತ್ತಿದ್ದೀಯ ಎಂದು ನಿನಗೆ ರಿಯಾಯಿತಿ ಕೊಡುವವಳಲ್ಲ ನಾನು.

ಮೂವತ್ತು ವರ್ಷ ನೀನು ಓಡಿಸಿದ ಆ ಹಳೇ ಗ್ಯಾಂಗ್‌ಸ್ಟರ್ ಸಿನಿಮಾವನ್ನು ಇವತ್ತು ಬೆಳಗಿನ ಆಟಕ್ಕೆ ನಿನ್ನದೇ ಪ್ರೊಜೆಕ್ಟರಿನಲ್ಲಿ ಓಡಿಸಿದೆ. ಗಡಿಯಾರ ರಿಪೇರಿಯವನನ್ನು ರೌಡಿಗಳು ತಮ್ಮ ಬಾಸ್ ಅಂದುಕೊಳ್ಳುವ ಕತೆ. ಬಾಸಿಗೆ ಒಂದು ಕಿರುಬೆರಳಿಲ್ಲ. ಇವನಿಗೆ ಎಲ್ಲ ಬೆರಳೂ ಇರುವುದನ್ನು ಒಬ್ಬ ರೌಡಿ ಕಣ್ಣಾರೆ ನೋಡುತ್ತಾನೆ, ಆಮೇಲೂ ಕೈಮುಗಿಯುತ್ತಾನೆ. "ಇದೆಂಥ ಕತೆ?" ಎಂದು ಹತ್ತು ವರ್ಷದವಳಿದ್ದಾಗಲೇ ಕೇಳಿದ್ದೆ. "ಭಯ ಇದ್ದವನಿಗೆ ಬೆರಳು ಕಾಣಲ್ಲ ಕಣೇ" ಎಂದಿದ್ದೆ ನೀನು. ಆ ಜಗಳ ಆಸ್ಪತ್ರೆಯ ಮಂಚದವರೆಗೂ ನಡೆಯಿತು.

ಇವತ್ತು ರೀಲು ಏರಿಸುವಾಗ ನೋಡಿದರೆ ಫಿಲ್ಮಿನ ತುದಿಯಲ್ಲಿ ಅಚ್ಚಾದ ನಂಬರೇ ಬೇರೆ, ರೀಲಿನ ಡಬ್ಬಿಯ ಮೇಲೆ ನೀನು ಬರೆದದ್ದೇ ಬೇರೆ. ನಾಲ್ಕು, ಐದು ಅದಲುಬದಲು! ನಿಜವಾಗಿ ಆ ರೌಡಿ ಮೊದಲು ಕೈಮುಗಿಯುತ್ತಾನೆ, ಆಮೇಲೆ ಬೆರಳು ನೋಡುತ್ತಾನೆ. ಕತೆ ನೆಟ್ಟಗೇ ಇದೆ.

ಸರಿಮಾಡಿ ಓಡಿಸಿದೆ. ಗೇಟಿನಲ್ಲಿ ಟಿಕೆಟ್ ಹರಿಯುವ ಮಾಮ ಮೆಟ್ಟಿಲು ಹತ್ತಿ ಬಂದರು. "ಏನಮ್ಮಾ, ರೀಲು ಹಿಂದೆಮುಂದೆ ಮಾಡಿದ್ದೀಯ? ನಿಮ್ಮಪ್ಪ ಇದ್ದಾಗ ಒಂದಿನಾನೂ ಹೀಗಾಗಿರ್ಲಿಲ್ಲ."

"ತಪ್ಪಾಯ್ತು ಮಾಮ" ಎಂದೆ.

ಇನ್ನೊಬ್ಬರ ಮುಂದೆ ನಿನ್ನನ್ನು ಬಿಟ್ಟುಕೊಡಲಿಲ್ಲ, ಅಷ್ಟೇ. ಅದನ್ನು ಸೋಲು ಅಂದುಕೊಳ್ಳಬೇಡ. ಡಬ್ಬಿಯ ಮೇಲಿನ ನಂಬರನ್ನು ನಾನು ತಿದ್ದುವುದಿಲ್ಲ. ತಪ್ಪು ನಿನ್ನದು, ನೀನೇ ಬಂದು ತಿದ್ದು.