ಓಟ್ಸ್ ಡಬ್ಬದ ಮೇಲಿಲ್ಲದ ಸಾಲು

ಮಕ್ಕಳ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಶನಿವಾರ, ನವೆಂಬರ್ ೯, ಮಧ್ಯಾಹ್ನ

ಪ್ರೀತಿಯ ಇಲಿಯ ಅಪ್ಪನಿಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಗಿದೆಯೇ? ಬರೀ ನೆಲದ ಮೇಲೆ ಮಲಗಬೇಡಿ ಎಂದರೆ ಕೇಳುವ ಪೈಕಿ ನೀವಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ ಸುರಿದುಕೊಂಡು ಓಡಬೇಡಿ. ನೀವು ಎಲ್ಲಿದ್ದೀರಿ, ಕೆಲಸ ಸಿಕ್ಕಿದೆಯೋ ಇಲ್ಲವೋ, ಒಂದೂ ನನಗೆ ಗೊತ್ತಿಲ್ಲ, ಚಹಾದ ವಿಷಯ ಮಾತ್ರ ನಿಮಗಿಂತ ಚೆನ್ನಾಗಿ ಗೊತ್ತು. ಈ ಕಾಗದವನ್ನು ನಿಮ್ಮ ಅಕ್ಕನ ಕೈಗೆ ಕೊಡುತ್ತಿದ್ದೇನೆ. ವಿಳಾಸ ಕೇಳಿದರೆ ಅತ್ತಿಗೆ ಬಾಯಿ ಬಿಡುವುದಿಲ್ಲ. 'ಅವನು ಚೆನ್ನಾಗಿದಾನೆ, ಮುಖ ತೋರಿಸೋಕೆ ನಾಚಿಕೆ ಅಷ್ಟೆ' ಅನ್ನುತ್ತಾರೆ. ನೀವು ಸೇರಿದ ಹೊಸ ಕಾರ್ಖಾನೆ ಎರಡನೇ ತಿಂಗಳಿಗೇ ಬಾಗಿಲು ಹಾಕಿತಂತೆ. ಸೂಪರ್‌ವೈಸರ್ ಆಗಿ ಬರ್ತೀನಿ ಎಂದು ಎದೆ ತಟ್ಟಿಕೊಂಡು ಹೋದವರು ಬರಿಗೈಯಲ್ಲಿ ಬರುವುದು ಹೇಗೆ ಎಂದು ಫೋನನ್ನೇ ಆರಿಸಿ ಕೂತಿದ್ದೀರಂತೆ. ಅದಕ್ಕೆ ಬೈಯಬೇಕಾದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ಬೈದು ಮುಗಿಸಿದ್ದೇನೆ. ಇಲ್ಲಿ ಅದಕ್ಕೆ ಜಾಗವಿಲ್ಲ.

ಗಾಬರಿಯಾಗಬೇಡಿ ಎಂದು ಬರೆಯುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ. ನೀವು ಗಾಬರಿಯಾಗಬೇಕು. ನಿಮ್ಮ ಮಗಳು, ನಮ್ಮ ಇಲಿ, ಆಸ್ಪತ್ರೆಯಲ್ಲಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಎದುರಿಗೇ ಮಲಗಿದ್ದಾಳೆ, ಕಪ್ಪೆಮರಿಯ ಹಾಗೆ ಎರಡೂ ಮಂಡಿ ಮಡಿಸಿ ಅಗಲಿಸಿಕೊಂಡು, ಯಾಕೆಂದರೆ ಕಾಲು ಚಾಚಿದರೆ ನೋವು. ಎಡಗೈಗೆ ಗ್ಲೂಕೋಸ್ ಹೋಗುತ್ತಿದೆ. ಐದು ವರ್ಷದ ಹುಡುಗಿ, ಶಾಲೆಯ ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯುತ್ತಿದ್ದವಳು, ಈಗ ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕು. ನಾನು ಕೈ ಚಾಚುವ ಮೊದಲೇ 'ಮೆಲ್ಲಗೆ ಅಮ್ಮಾ' ಅನ್ನುತ್ತಾಳೆ. ಅದನ್ನು ಕೇಳುವುದು ನನ್ನಿಂದಾಗುತ್ತಿಲ್ಲ.

ಶುರುವಾದದ್ದು ಒಸಡಿನಿಂದ. ಹಲ್ಲುಜ್ಜುವಾಗ ಬ್ರಷ್ ಕೆಂಪಾಗುತ್ತಿತ್ತು. ಹಾಲುಹಲ್ಲು ಬೀಳುವ ವಯಸ್ಸು ಹತ್ತಿರ ಬಂತಲ್ಲ ಎಂದುಕೊಂಡೆ. ಆಮೇಲೆ ಮೊಣಕಾಲಿನ ಕೆಳಗೆ ನೀಲಿ ಕಲೆಗಳು. ಶಾಲೆಯಲ್ಲಿ ಎಲ್ಲಾದರೂ ಬಿದ್ದಳೇ ಎಂದು ಟೀಚರನ್ನು ಕೇಳಿದರೆ, 'ಅವಳು ಆಡೋದೇ ಬಿಟ್ಟಿದಾಳೆ, ಬೀಳೋದೆಲ್ಲಿ ಬಂತು' ಎಂದರು. ನಮ್ಮ ಬೀದಿಯ ಡಾಕ್ಟರು ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜ ಎಂದು ಒಂದು ಸಿರಪ್ ಬರೆದುಕೊಟ್ಟು ಕಳಿಸಿದರು. ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿಯಲೇ ಇಲ್ಲ. ಎತ್ತಿಕೊಂಡು ಇಲ್ಲಿಗೆ ಓಡಿಬಂದೆ. ಇಲ್ಲಿಯ ದೊಡ್ಡ ಡಾಕ್ಟರು ಒಸಡು, ಕಲೆ, ಕಾಲು ಮೂರನ್ನೂ ನೋಡಿ, ರಕ್ತದ ಕಾಯಿಲೆ ಇದ್ದರೂ ಇರಬಹುದು, ಪರೀಕ್ಷೆ ಮಾಡೋಣ ಎಂದರು. ಯಾವ ಕಾಯಿಲೆ ಎಂದು ಅವರು ಹೆಸರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ರಿಪೋರ್ಟು ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ನಿಮ್ಮ ನಂಬರಿಗೆ ಫೋನ್ ಮಾಡುತ್ತಲೇ ಇದ್ದೆ. 'ಸ್ವಿಚ್ ಆಫ್ ಆಗಿದೆ' ಎಂದು ಆ ಹೆಂಗಸು ಎಷ್ಟು ನಯವಾಗಿ ಹೇಳುತ್ತಾಳೆ ಅಂದರೆ, ಸಿಕ್ಕಿದರೆ ಕೆನ್ನೆಗೆ ಎರಡು ಬಾರಿಸಬೇಕು ಅನಿಸಿತು.

ರಿಪೋರ್ಟಿನಲ್ಲಿ ಅಂಥದ್ದೇನೂ ಇರಲಿಲ್ಲ. ಆಗ ಬಂದವರು ಆಹಾರ ವಿಭಾಗದ ಡಾಕ್ಟರಮ್ಮ. ಮಗು ಏನು ತಿನ್ನುತ್ತದೆ ಎಂದು ಕೇಳಿದರು. ಓಟ್ಸ್ ಎಂದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಓಟ್ಸ್, ರಾತ್ರಿಗೂ ಅದೇ. ಹೇಳುವಾಗ ನನಗೆ ಅಳುಕಿರಲಿಲ್ಲ, ಸ್ವಲ್ಪ ಜಂಬವೇ ಇತ್ತು. ನಮ್ಮ ಪ್ರೆಸ್ಸಿನಲ್ಲಿ ಆ ಓಟ್ಸ್ ಡಬ್ಬ ಅಚ್ಚಾಗುವಾಗ ಹಾಳೆಗಳನ್ನು ನೋಡಿ ಪಾಸು ಮಾಡುವವಳು ನಾನೇ ತಾನೇ? ಕಂಪನಿಯವರ ಮೂಲ ಪ್ರತಿ ಎಡಗಡೆ, ಅಚ್ಚಾದ ಹಾಳೆ ಬಲಗಡೆ, ಸಾಲಿನ ಕೆಳಗೆ ಸ್ಕೇಲು. ನೂರು ಗ್ರಾಮಿಗೆ ಪ್ರೋಟೀನ್ ಹದಿಮೂರು, ಕೊಬ್ಬು ಏಳು, ಕಾರ್ಬೋಹೈಡ್ರೇಟ್ ಅರವತ್ತೇಳು, ಅದರೊಳಗೆ ನಾರು ಹತ್ತು, ಆ ನಾರಿನಲ್ಲಿ ಗಂಜಿಯನ್ನು ಲೋಳೆಯಾಗಿಸುವ, ಹೃದಯಕ್ಕೆ ಒಳ್ಳೆಯದೆನ್ನುವ ಬೀಟಾ ಗ್ಲೂಕಾನ್ ನಾಲ್ಕು, ಕಬ್ಬಿಣ ನಾಲ್ಕು ಮಿಲಿಗ್ರಾಂ, ಆಮೇಲೆ ಮೆಗ್ನೀಸಿಯಂ, ರಂಜಕ, ಸತು, ಬಿ ಒಂದು ವಿಟಮಿನ್. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ಟೆ. ಇಷ್ಟೆಲ್ಲ ಇರುವುದನ್ನು ಮೂರು ಹೊತ್ತೂ ತಿನ್ನುವ ಮಗುವಿಗೆ ಏನು ಕಡಿಮೆಯಾಗಲು ಸಾಧ್ಯ ಎಂದು ನಾನು ನಂಬಿದ್ದೆ. ಪಕ್ಕದ ಮನೆಯವರು ಬರೀ ಅದನ್ನೇ ಕೊಡ್ತೀಯಲ್ಲ ಎಂದಾಗಲೂ ಡಬ್ಬ ತಿರುಗಿಸಿ ತೋರಿಸಿದ್ದೆ.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. 'ಇರೋದನ್ನೆಲ್ಲ ಸರಿಯಾಗಿ ಹೇಳಿದ್ರಿ. ಸಿ ವಿಟಮಿನ್ ಎಷ್ಟಿದೆ?' ಎಂದರು. ಆ ಸಾಲು ಡಬ್ಬದ ಮೇಲೆ ಇಲ್ಲ. ಇಲ್ಲದ್ದನ್ನು ದುಡ್ಡು ಕೊಟ್ಟು ಯಾರು ಅಚ್ಚು ಹಾಕಿಸುತ್ತಾರೆ? ನಾನು ಇಷ್ಟು ವರ್ಷ ನೋಡಿದ್ದೂ ಇರುವ ಸಾಲು ಸರಿಯಿದೆಯೇ ಎಂದು ಮಾತ್ರ. ಓಟ್ಸಿನಲ್ಲಿ ಸಿ ಸೊನ್ನೆಯಂತೆ. ಎ ಇಲ್ಲ, ಬಿ ಹನ್ನೆರಡು ಇಲ್ಲ, ಕ್ಯಾಲ್ಸಿಯಂ ಸಾಲದು, ಆದರೆ ಹಾಲಿನಲ್ಲಿ ಬೇಯಿಸುತ್ತಿದ್ದುದರಿಂದ ಅವು ಅಷ್ಟಿಷ್ಟು ಸಿಕ್ಕಿವೆ. ಸಿ ಮಾತ್ರ ಎಲ್ಲಿಂದಲೂ ಸಿಕ್ಕಿಲ್ಲ. ನಾನು ನೆಚ್ಚಿಕೊಂಡಿದ್ದ ಕಬ್ಬಿಣ ಕೂಡ ಪೂರ್ತಿ ಮೈಗೆ ಸೇರುವುದಿಲ್ಲವಂತೆ. ಅದನ್ನು ಹಿಡಿದಿಟ್ಟುಕೊಳ್ಳುವ ಬೇರೊಂದು ಅಂಶ ಓಟ್ಸಿನೊಳಗೇ ಇದೆಯಂತೆ, ಅದರಿಂದ ಬಿಡಿಸಿಕೊಳ್ಳಲೂ ಸಿ ಇದ್ದರೆ ಅನುಕೂಲವಂತೆ. ಇಲಿಗೆ ಬಂದಿರುವುದು ಸ್ಕರ್ವಿ. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರುತ್ತಿದ್ದ ನಾವಿಕರಿಗೆ ಬರುತ್ತಿದ್ದ ರೋಗ. ನಾವು ಇರುವುದು ಹಣ್ಣಿನಂಗಡಿಯ ಮೇಲಿನ ಮನೆಯಲ್ಲಿ, ಕಿಟಕಿ ತೆರೆದರೆ ಕಿತ್ತಳೆಯ ವಾಸನೆ ಬರುತ್ತದೆ. ಇದನ್ನು ಕೇಳಿ ನನಗೆ ನಗು ಬಂತು ರೀ. ನಗುತ್ತ ನಗುತ್ತ ಅಲ್ಲೇ ಅತ್ತುಬಿಟ್ಟೆ.

ಔಷಧ ಸುಲಭ, ಹೆದರಬೇಡಿ ಎಂದರು. ಸೂಜಿಯಲ್ಲಿ ಕೊಟ್ಟ ಸಿ ಎರಡು ದಿನಕ್ಕೇ ಒಸಡಿನ ರಕ್ತ ನಿಲ್ಲಿಸಿತು. ಕಾಲೂ ಸರಿಹೋಗುತ್ತದಂತೆ. ಇನ್ನು ಕಿತ್ತಳೆ, ತರಕಾರಿ, ಎಲ್ಲ ತಿನ್ನಿಸಿ ಎಂದರು. ಕಷ್ಟ ಇರುವುದು ಅಲ್ಲೇ. ಅವಳು ಬಾಯಿ ಬಿಡುವುದಿಲ್ಲ. ಅವಳು ಮೊದಲಿನಿಂದಲೂ ತಿನ್ನುವುದರಲ್ಲಿ ಹಟಮಾರಿ ಎಂದು ನಿಮಗೆ ಗೊತ್ತು, ಹಟದಲ್ಲಿ ನಿಮ್ಮದೇ ಪಡಿಯಚ್ಚು. ನೀವಿದ್ದಾಗ ಓಟ್ಸನ್ನು ಬಾಣಲೆಯಲ್ಲಿ ಘಮ್ ಅನ್ನುವವರೆಗೆ ಹುರಿದು, ಹಾಲಿನಲ್ಲಿ ಬೇಯಿಸಿ, ಬಟ್ಟಲಿನ ಮೇಲೆ ಕಿತ್ತಳೆ ತೊಳೆಯಲ್ಲಿ ಎರಡು ಕಿವಿ, ಬಾಳೆಹಣ್ಣಿನಲ್ಲಿ ಮೂಗು ಇಟ್ಟು ಇಲಿಯ ಮುಖ ಮಾಡುತ್ತಿದ್ದಿರಿ. ಇಲಿ ಇಲಿಯನ್ನೇ ತಿಂತಾಳೆ ಎಂದು ನೀವು ರೇಗಿಸುತ್ತಿದ್ದಿರಿ, ಅವಳು ಮೊದಲು ಕಿವಿಯನ್ನೇ ಗುಳುಂ ಮಾಡುತ್ತಿದ್ದಳು. ಅವಳ ಮೈಗೆ ಹೋಗುತ್ತಿದ್ದ ಸಿ ಅಷ್ಟೂ ಆ ಕಿವಿಗಳಲ್ಲೇ ಇತ್ತು ಎಂದು ನನಗೆ ತಿಳಿದದ್ದು ಮೊನ್ನೆ. ನೀವು ಹೋದ ಮೇಲೆ ನಾನು ಮಾಡಿದ ಮುಖ ಅವಳಿಗೆ ಒಪ್ಪಿಗೆಯಾಗಲಿಲ್ಲ, ಬರೀ ಓಟ್ಸ್ ಸಾಕು ಎಂದಳು. ಅಷ್ಟಾದರೂ ತಿನ್ನುತ್ತಾಳಲ್ಲ ಎಂದು ನಾನೂ ಸುಮ್ಮನಾದೆ.

ಅವಳು ಹಟ ಮಾಡುತ್ತಿದ್ದಾಳೆ ಎಂದೇ ತಿಳಿದಿದ್ದೆ. ನಿಜ ಏನೆಂದು ಹೇಳಿದವಳು ಇಲ್ಲಿಯ ನರ್ಸಮ್ಮ. ನನಗೆ ಹೇಳದ್ದನ್ನು ಇಲಿ ಅವಳ ಕಿವಿಯಲ್ಲಿ ಹೇಳಿದ್ದಾಳೆ. ನೀವು ಹೊರಡುವ ದಿನ ಬಸ್ಸಿನ ಹತ್ತಿರ ಅವಳ ಮೂಗು ಹಿಂಡಿ ಹೇಳಿದಿರಲ್ಲ, 'ನಾನು ಬರೋವರೆಗೂ ಓಟ್ಸ್ ಮಾತ್ರ, ತಿಳೀತಾ? ಬೇರೆ ಏನಾದ್ರೂ ಬಾಯಿಗೆ ಹಾಕಿದ್ರೆ ಅಲ್ಲಿ ನನ್ನ ಹೊಟ್ಟೆ ನೋಯತ್ತೆ.' ಅವಳು ಊಟ ಬಿಟ್ಟು ಬಿಸ್ಕತ್ತು ಮೆಲ್ಲುತ್ತಾಳೆಂದು ಹೇಳಿದ ತಮಾಷೆ ಅದು, ನಾನೂ ಪಕ್ಕದಲ್ಲೇ ನಿಂತು ನಕ್ಕಿದ್ದೆ. ನಿಮ್ಮ ಫೋನು ಬರುತ್ತಿದ್ದಷ್ಟು ದಿನ ಅವಳು ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ, ಅದು ಇದು ಬಾಯಿಗೆ ಹಾಕುತ್ತಿದ್ದಳು. ಆಮೇಲೆ ಒಂದು ದಿನ ಶಾಲೆಯಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಕೇಕು ಕೊಟ್ಟರು, ಇವಳೂ ಒಂದು ತುಂಡು ತಿಂದಳು. ನಿಮ್ಮ ಫೋನು ನಿಂತದ್ದು ಆ ವಾರವೇ. ಇಲಿಯ ಲೆಕ್ಕದಲ್ಲಿ ಅವಳು ಕೇಕು ತಿಂದದ್ದರಿಂದ ಅಪ್ಪನ ಹೊಟ್ಟೆ ನೋಯಿತು, ಅಪ್ಪ ಮಲಗಿಬಿಟ್ಟ, ಅದಕ್ಕೇ ಮಾತಾಡುವುದಿಲ್ಲ. ಅಂದಿನಿಂದ, ಮೂರು ತಿಂಗಳಾಯಿತು, ಈ ಮಗು ಓಟ್ಸ್ ಬಿಟ್ಟು ಒಂದು ಅಗುಳೂ ಮುಟ್ಟಿಲ್ಲ. ಹಟವಲ್ಲ ಅದು. ನಿಮ್ಮನ್ನು ವಾಸಿ ಮಾಡುತ್ತಿದ್ದಾಳೆ.

ನಾನು ಏನೆಲ್ಲ ಮಾಡಿ ನೋಡಿದೆ. ಅಪ್ಪ ತಮಾಷೆಗೆ ಹೇಳಿದ್ದು ಎಂದೆ. 'ಹಾಗಾದ್ರೆ ಫೋನ್ ಯಾಕೆ ಮಾಡಲ್ಲ' ಎಂದಳು. ಅದಕ್ಕೆ ಉತ್ತರ ದಯವಿಟ್ಟು ನೀವೇ ಬರೆಯಿರಿ. ಬುಧವಾರ ಸಿ ವಿಟಮಿನ್ ಹನಿಯನ್ನು ಓಟ್ಸಿನಲ್ಲಿ ಕಲಸಿ ಕೊಟ್ಟೆ. ಒಂದು ಚಮಚಕ್ಕೇ ಹುಳಿ ಗೊತ್ತಾಗಿಹೋಯಿತು. ಉಗುಳಿದಳು, ನನ್ನ ಮುಖವನ್ನೇ ನೋಡಿದಳು. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಈಗ ನನ್ನ ಕೈಯ ಓಟ್ಸೂ ಬೇಡ. ಅಂದಿನಿಂದ ನೀರು ಬಿಟ್ಟು ಏನೂ ಒಳಗೆ ಹೋಗಿಲ್ಲ. ಗುರುವಾರ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ನೀವು ಬರೆದ ಹಾಗೆ ಒಂದು ಕಾಗದ ಬರೆದು, ಕೆಳಗೆ ನೀವು ಸಹಿಯ ಬದಲು ಹಾಕುವ ಮೀಸೆಯ ಇಲಿಯನ್ನು ಬಿಡಿಸಿ, ಅಂಚೆಯಲ್ಲಿ ಬಂತೆಂದು ಕೊಟ್ಟೆ. ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಹೊಟ್ಟೆ ಹೊರೆಯುವವಳು ನಾನು, ನನ್ನ ಮಗಳಿಗೆ ಮೋಸ ಮಾಡಲಾರೆನೇ ಎಂದುಕೊಂಡಿದ್ದೆ. ದಿಂಬಿನ ಕೆಳಗಿಂದ ನಿಮ್ಮ ಹಳೆಯ ಚೀಟಿ ತೆಗೆದು ಪಕ್ಕದಲ್ಲಿಟ್ಟು, ಬಾಲದ ಮೇಲೆ ಬೆರಳಿಟ್ಟಳು. 'ಅಪ್ಪ ಬಾಲನ ಒಳಗಡೆ ಸುತ್ತುತಾರೆ' ಎಂದಳು. ಪಾಸು ಮಾಡಲಿಲ್ಲ ನನ್ನನ್ನು.

ಸೋಮವಾರ ಬೆಳಿಗ್ಗೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುತ್ತಾರಂತೆ. ಬೇರೆ ದಾರಿಯಿಲ್ಲ, ಮಗು ಇಳಿದುಹೋಗುತ್ತಿದೆ ಎನ್ನುತ್ತಾರೆ. ಹಾಕಿದರೂ ಕಿತ್ತುಕೊಂಡರೆ ಕೈ ಕಟ್ಟಬೇಕಾಗಬಹುದಂತೆ. ಇದನ್ನೆಲ್ಲ ಅವಳ ಎದುರಿಗೇ ಮಾತಾಡಿದರು. ಅವರು ಹೋದ ಮೇಲೆ ಇಲಿ ನರ್ಸಮ್ಮನನ್ನು ಕೇಳಿದ್ದು ಒಂದೇ: 'ನಳಿಕೇಲಿ ಹಾಕಿದ್ರೂ ನಮ್ಮಪ್ಪನ ಹೊಟ್ಟೆ ನೋಯತ್ತಾ?'

ಈ ಕಾಗದ ಕೈಗೆ ಬಂದ ಕೂಡಲೇ ಹೊರಟುಬನ್ನಿ. ಬರಿಗೈಯಲ್ಲಿ ಬನ್ನಿ, ಹರಿದ ಚಪ್ಪಲಿಯಲ್ಲಿ ಬನ್ನಿ, ಸೂಪರ್‌ವೈಸರೂ ಬೇಡ, ಕೆಲಸವೂ ಬೇಡ. ಬಾಗಿಲಲ್ಲಿ ನಿಂತು ಅವಳಿಗೊಮ್ಮೆ ಮುಖ ತೋರಿಸಿ. ನಾನು ಒಂದು ಮಾತೂ ಕೇಳುವುದಿಲ್ಲ, ಕೇಳದೆ ಇರುವುದು ನನಗೆಷ್ಟು ಕಷ್ಟವೆಂದು ನಿಮಗೇ ಗೊತ್ತು. ಅತ್ತಿಗೆ ಆಗಲೇ ಎರಡು ಸಲ ಇಣುಕಿದರು, ಬಸ್ಸಿಗೆ ಹೊತ್ತಾಯಿತಂತೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇಲಿ ನಿದ್ದೆಯಲ್ಲಿದ್ದಾಳೆ, ಎದ್ದಿದ್ದರೆ ನಿಮಗೊಂದು ಮುತ್ತು ಕಳಿಸುತ್ತಿದ್ದಳು, ಆದ್ದರಿಂದ ಅದನ್ನೂ ಸೇರಿಸಿದ್ದೇನೆ.

ನಿಮ್ಮವಳು,
ಇಲಿಯ ಅಮ್ಮ

ಮರೆತ ಮಾತು: ಬನ್ನಿ ಎಂದು ಮೇಲೆ ಬರೆದೆ. ಬರಲು ಆಗದಿದ್ದರೆ ಬರಬೇಡಿ. ಇನ್ನು ಎಂದೂ ಬರುವ ಮನಸ್ಸಿಲ್ಲದಿದ್ದರೆ ಅದೂ ಆಗಲಿ, ಎಲ್ಲಿದ್ದೀರಿ ಎಂದು ನಾನು ಹುಡುಕಿಸುವುದಿಲ್ಲ, ಅತ್ತಿಗೆಯನ್ನೂ ಪೀಡಿಸುವುದಿಲ್ಲ. ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಕಾಗದ ಓದಿ ಮುಗಿಸಿದ ಜಾಗದಲ್ಲೇ ಕೂತು ಅದರ ಮೇಲೆ ನಿಮ್ಮ ಕೈಯಾರೆ ಎರಡು ಸಾಲು ಬರೆದುಕೊಡಿ. ಅಪ್ಪನ ಹೊಟ್ಟೆ ಒಂದು ದಿನವೂ ನೋಯಲಿಲ್ಲ, ಕೇಕು ತಿಂದದ್ದಕ್ಕೂ ನೋಯಲಿಲ್ಲ, ಇಲಿ ಇನ್ನು ಮೇಲೆ ಎಲ್ಲವನ್ನೂ ತಿನ್ನಬಹುದು ಎಂದು. ಕೆಳಗೆ ಇಲಿ ಬಿಡಿಸಿ, ಬಾಲ ಒಳಗಡೆ ಸುತ್ತಿ. ಅತ್ತಿಗೆ ನಿಂತಿದ್ದು ತೆಗೆದುಕೊಂಡು ಸೋಮವಾರ ಬೆಳಗಾಗುವುದರೊಳಗೆ ಇಲ್ಲಿಗೆ ಮುಟ್ಟಿಸುತ್ತಾರೆ. ಬರ್ತೀನಿ ಎಂದು ಮಾತ್ರ ಅದರಲ್ಲಿ ಬರೆಯಬೇಡಿ, ಬರುವುದು ಖಂಡಿತವಾಗಿದ್ದರೆ ಹೊರತು. ನಿಮಗಾಗಿ ಕಾಯುವ ಕೆಲಸ ನನಗಿರಲಿ. ಅವಳು ಊಟ ಮಾಡಲಿ.