ಮಂಬೊರೆತಾ ಕಾಲೆತ್ತಿದ್ದು

ಅಮ್ಮಾ,

ಚಳಿಗಾಲಕ್ಕೆ ಮುಂಚೆ ಎಲೆಯುದುರುವ ಮೇ ತಿಂಗಳು ಬಂದರೂ ನಮ್ಮ ಕೊರಿಯೆಂತೆಸ್‌ನಲ್ಲಿ ಚಳಿಯಿಲ್ಲ, ಬರೀ ಸೆಕೆ. ಆದರೂ ನೀನು ಕೊನೆಯ ದಿನಗಳಲ್ಲಿ ಹೆಣೆದ, ನಾನು “ಇದೆಲ್ಲ ಯಾಕೆ” ಎಂದು ರೇಗಿದ್ದ ಉಣ್ಣೆಯಂಗಿ ಮೂರನ್ನೂ ಒಂದರ ಮೇಲೊಂದು ನನ್ನ ಕೂಸು ಫೆರ್ಮಿನ್‌ಗೆ ತೊಡಿಸಿದ್ದೆ. ಮಗು ಮೂರು ದಿನ ಅತ್ತಿತು, ನನಗೂ ನಿದ್ದೆಯಿಲ್ಲ. ಇಂದು ಬೆಳಿಗ್ಗೆ ನೋಡಿದರೆ ಅವನೆದೆಯ ಮೇಲೆ ಪ್ರಾರ್ಥನೆಗೆ ಕೈಮುಗಿದವರಂತೆ ಮುಂಗಾಲು ಜೋಡಿಸಿಕೊಂಡು ಮಿಡತೆಯಂಥ ಹಸಿರು ಮಂಬೊರೆತಾ ಹುಳ! ಗಾಬರಿಯಿಂದ ಅಂಗಿಗಳನ್ನೆಲ್ಲ ಕಿತ್ತೆಸೆದೆ. ಥಟ್ಟನೆ ಅಳು ನಿಂತಿತು.

“ಕಾಲೇಜು ಓದಿದವ್ಳೇ, ಕೂಸನ್ನ ಬೇಯಿಸ್ತಿದ್ಯಲ್ಲೇ!” ಎಂದು ಪಕ್ಕದ ಮನೆಯ ಎಲಾಡಿಯಾ ಅಜ್ಜಿ ನಕ್ಕಳು. ನಾವೆಲ್ಲ ಚಿಕ್ಕಂದಿನಲ್ಲಿ ಕೇಳುತ್ತಿದ್ದ ಹಾಗೆ, ಎಸೆದ ಅಂಗಿಯ ಮೇಲೇ ಕೂತಿದ್ದ ಹುಳವನ್ನು “ದೇವ್ರು ಎಲ್ಲವ್ನೆ, ತೋರ್ಸು” ಎಂದು ಕೇಳಿದಳು. ಅದು ಒಂದು ಕಾಲೆತ್ತಿ ಫೆರ್ಮಿನ್ ಕಡೆ ತೋರಿಸಿತು.

ಅವಳು ಹೋದ ಮೇಲೆ ನಾನು ಮೆಲ್ಲಗೆ “ನಮ್ಮಮ್ಮ ಎಲ್ಲಿ?” ಎಂದೆ. ಅದು ಎರಡೂ ಕಾಲು ಎತ್ತಿಬಿಟ್ಟಿತು, ನನ್ನ ಪೆದ್ದುತನ ನೋಡಿ ನೀನು ಕೈಯೆತ್ತುತ್ತಿದ್ದ ಹಾಗೆಯೇ.