ಕೊನೆಯ ಗೆರೆ ಎಳೆಯುವ ಕೈ

ಮಾರ್ಚ್ 3, ಸೋಮವಾರ
ಶಟರ್ ಎತ್ತಿದೆ. ಹ್ಯಾಮ್ ರೇಡಿಯೊ ಸೆಟ್ಟುಗಳ ಧೂಳು ಒರೆಸಿದೆ. ಹನ್ನೊಂದಕ್ಕೆ ನಿವೃತ್ತ ಮೇಷ್ಟರು ಬಂದರು. ಒಂದು ಗಂಟೆ ಡಯಲ್ ತಿರುಗಿಸಿ, ನನ್ನ ಆಂಟೆನಾದಲ್ಲೇ ಯಾರೊಂದಿಗೋ ಮಾತಾಡಿ, ಕೊಂಡದ್ದು ಎರಡು ಫ್ಯೂಸ್. ಇದೇ ಸೆಟ್ಟು ಆನ್‌ಲೈನ್‌ನಲ್ಲಿ ಅಗ್ಗವಂತೆ. ಇರಲಿ. ಅಲ್ಲಿ ಚಹಾ ಕೊಡುತ್ತಾರಾ?
ಮೂರನೇ ಶೆಲ್ಫಿನಲ್ಲಿ, ಚುಕ್ಕೆ-ಗೆರೆ ಒತ್ತಿ ಸಂದೇಶ ಕಳಿಸುವ ಮೋರ್ಸ್ ಕೀ ಒಂದು ಕಡಿಮೆ... ನಾನೇ ಎಲ್ಲೋ ಇಟ್ಟಿರಬೇಕು.

ಮಾರ್ಚ್ 6
ಇಟ್ಟಿಲ್ಲ. ಒಂದು ಸಣ್ಣ ಸೆಟ್ಟೂ ಮಾಯ. ಹಿಂದಿನ ಕೋಣೆಯ ಬೀಗದ ಕೈ ಇರುವುದು ನನ್ನ ಹತ್ತಿರ, ರಿಪೇರಿಯವನ ಹತ್ತಿರ. ಮನೆಯಲ್ಲೊಂದಿದೆ, ಅದು ಲೆಕ್ಕಕ್ಕಿಲ್ಲ. ರಿಪೇರಿಯವನು ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ. ಈಚೆಗೆ ಸಂಜೆ ಬೇಗ ಹೊರಡುತ್ತಾನೆ. ಹಲ್ಲು ನೋವಂತೆ. ಎಷ್ಟು ಹಲ್ಲಿವೆ ಇವನಿಗೆ?
ಹೆಂಡತಿ ಊಟ ತಂದಾಗ ಹೇಳಿದೆ. ಅವನ ಮೇಲೆ ಅನುಮಾನ ಬೇಡ ಅಂದಳು. ಬ್ಯಾಗ್ ಎತ್ತಿಕೊಂಡು ಬೇಗ ಹೊರಟಳು. ಇವಳಿಗೆ ಲೋಕದಲ್ಲಿ ಎಲ್ಲರೂ ಒಳ್ಳೆಯವರೇ.

ಮಾರ್ಚ್ 7
ಉಳಿದ ಕೀಗಳ ತಳಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಯಾರಿಗೂ ಹೇಳಿಲ್ಲ.

ಮಾರ್ಚ್ 18
ಮೇಷ್ಟರು ಆನ್‌ಲೈನ್‌ನಿಂದ ತರಿಸಿದ ಕೀ ತಂದು ತೋರಿಸಿದರು. ತಿರುಗಿಸಿ ನೋಡಿದೆ. ನನ್ನ ಗುರುತು!

ಮಾರ್ಚ್ 19
ರಿಪೇರಿಯವನನ್ನು ಕೇಳಿಯೇಬಿಟ್ಟೆ, ಕದ್ದು ಮಾರುತ್ತಿರುವುದು ನೀನೇನಾ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ಅದೂ ಇಲ್ಲ. ಪಳಗಿದ ಕೈ. ಸಾಲ್ಡರಿಂಗ್ ಐರನ್ನಿನ ಪ್ಲಗ್ ಕಿತ್ತ. ಬೀಗದ ಕೈ ಕೌಂಟರಿನ ಮೇಲಿಟ್ಟ.
"ನೀವೇ ಹಿಂಗಂದ್ಮೇಲೆ ನಾನಿಲ್ಲಿ ಇರಬಾರ್ದಣ್ಣ."
ಹೋದ. ಇವಳಿಗೆ ಹೇಳಿದೆ. ತಲೆನೋವು ಅಂತ ಮಲಗಿದಳು.

ಏಪ್ರಿಲ್ 2
ಬರೆಯಲು ಮನಸ್ಸಿರಲಿಲ್ಲ. ಸಾಲ್ಡರ್ ವಾಸನೆಯಿಲ್ಲದ ಅಂಗಡಿ ನನ್ನದಲ್ಲ ಅನ್ನಿಸುತ್ತದೆ.
ಇವತ್ತು ಮೇಷ್ಟರು ಫೋನಿನಲ್ಲಿ ಆ ಆನ್‌ಲೈನ್ ಅಂಗಡಿಯ ವಿಡಿಯೊ ಹಾಕಿದರು. ಅದರ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ್ದೆ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ವಿಡಿಯೊದಲ್ಲಿ ಯಾರೋ ಮೋರ್ಸ್ ಒತ್ತುವ ಸದ್ದು. ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ. ಈ ಕೈ ಅಕ್ಷರದ ಕೊನೆಯ ಗೆರೆಯ ಸದ್ದನ್ನು ಉದ್ದಕ್ಕೆ ಎಳೆಯುತ್ತದೆ... ಮದುವೆಯಾದ ವರ್ಷ ನಾನೇ ಕಲಿಸಿದ್ದು. ಎಳೀಬೇಡ, ಎಳೀಬೇಡ ಅಂತ ಎಷ್ಟು ಬೈದಿದ್ದೆ.
ಅಂಗಡಿ ಮುಚ್ಚಿ ಮನೆಗೆ ಹೋಗಿ, ಆ ಕೈ ನಿನ್ನದಾ ಅಂತ ಕೇಳಿದೆ. ಇವಳು ಮುಚ್ಚಿಡಲಿಲ್ಲ.
"ಆನ್‌ಲೈನ್ ಅಂದ್ರೆ ಉರಿದು ಬೀಳ್ತಿದ್ರಿ. ಮಾಲು ಧೂಳು ತಿಂತಿತ್ತು. ಅಂಗಡಿ ಉಳೀಲಿ ಅಂತ ಮಾಡ್ದೆ. ಅವನು ಪಾರ್ಸಲ್ ಕಟ್ಟಿಕೊಡ್ತಿದ್ದ. ಯಾರಿಗೂ ಹೇಳಲ್ಲ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ಅವನು ಕೆಲಸ ಬಿಟ್ಟವತ್ತೇ ನಿಮಗೆ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."
ನನ್ನೆದುರು ಕಳ್ಳನಾಗಿ ನಿಂತನೇ ಹೊರತು ಇವಳ ಹೆಸರೆತ್ತಲಿಲ್ಲ. ನಾಚಿಕೆಯಾಯಿತು.
ಹಲ್ಲು ನೋವೂ ಸುಳ್ಳಾ ಅಂದೆ.
"ಅದು ನಿಜ ರೀ."

ಏಪ್ರಿಲ್ 3, ಬೆಳಿಗ್ಗೆ 7
ವಾಪಸ್ ಕೊಡೋಣವೆಂದು ಅವನ ಬೀಗದ ಕೈ ಜೇಬಿಗೆ ಹಾಕಿಕೊಂಡೆ. ಇವಳೂ ಬರುತ್ತೇನೆ ಅಂದಳು. ಬೇಡ, ಆ ಮಾತಾಡಿದವನು ನಾನು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವನ ಮನೆಗೆ ಹೋಗಿಲ್ಲ. ಬಾಗಿಲು ತೆಗೆದರೆ ಮೊದಲ ಮಾತು ಏನು? ತಮ್ಮಾ, ನಿನ್ನ ಹಲ್ಲು —